ಅಳಿವೆಯಲ್ಲಿ ಒಂದು ಸುತ್ತು, ಆರು ಗಂಟೆ

(ಬೆಂಗಳೂರಿನ ಒಂದು ಬಡಾವಣೆಯ ಗ್ರಂಥಾಲಯದಲ್ಲಿ ಚಾರಣದ ಗೆಳೆಯರ ಮುಂದೆ ಆಡಿದ ಮಾತುಗಳಿವು. ಬರೆದು ಕೊಡಿ ಅಂತ ಕೆಲವರು ಕೇಳಿದರು. ಮಾತಿನ ದಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಹಿರಿಯೂರು ಸೀಮೆಯವನು. ನಮ್ಮ ಹೊಳೆ ವೇದಾವತಿ. ಹೊಳೆ ಅಂದರೆ ಮರಳು ಅಂತಲೇ ತಿಳಿದು ಬೆಳೆದೆ. ವರ್ಷದ ಬಹುಪಾಲು ದಿನ ಅದರ ಪಾತ್ರದಲ್ಲಿ ನಾವು ಹುಡುಗರು ಆಟ ಆಡುತ್ತಿದ್ದೆವು. ವಾಣಿ ವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷ ಕಳೆದ ಮೇಲೆ. ನಮ್ಮಪ್ಪ ಆ ನಡುವೆ ಹುಟ್ಟಿ, ಬದುಕಿ, ತೀರಿಕೊಂಡರು. ತುಂಬಿದ ಕೆರೆ ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ.

ಅಂಥ ಊರಲ್ಲಿ ಒಂದು ಮಾತು ಎಲ್ಲರ ಬಾಯಲ್ಲೂ ಇರುತ್ತದೆ. "ಘಟ್ಟದ ಆಚೆ ಅಷ್ಟೊಂದು ನೀರು ಸುಮ್ನೆ ಸಮುದ್ರಕ್ಕೆ ಹೋಗುತ್ತೆ." ನಾನೂ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇವತ್ತು ನಾನು ಹೇಳಲು ಬಂದಿರುವುದು, ಆ ಮಾತಿನಿಂದ "ಸುಮ್ನೆ" ಅನ್ನುವ ಪದವನ್ನು ತೆಗೆಸಿದ ಒಂದು ನಡಿಗೆಯ ಬಗ್ಗೆ.

ಕೆಲಸದ ಮೇಲೆ ನನಗೆ ಕುಮಟೆಗೆ ವರ್ಗವಾಯಿತು. ಮೊದಲ ಭಾನುವಾರ ಬಸ್ಸು ಹತ್ತಿ, ಕೊನೆಯ ಸ್ಟಾಪಿನಲ್ಲಿ ಇಳಿದೆ. ಊರಿನ ಹೆಸರೂ ಅಘನಾಶಿನಿ, ಹೊಳೆಯ ಹೆಸರೂ ಅಘನಾಶಿನಿ. ಧಕ್ಕೆಯ ಮೇಲೆ ನಿಂತೆ. ಎದುರಿಗೆ ಆಚೆ ದಡದಲ್ಲಿ ತದಡಿಯ ಮೀನು ಬಂದರು, ಎಡಕ್ಕೆ ಕಡಲು. ಕಾಲ ಬುಡದಲ್ಲಿ ಒಂದು ತೆಂಗಿನ ಸಿಪ್ಪೆ ತೇಲುತ್ತಾ ಹೋಗುತ್ತಿತ್ತು. ಅದು ಕಡಲಿನ ಕಡೆಯಿಂದ ಬಂದು, ಒಳಗೆ, ಘಟ್ಟದ ದಿಕ್ಕಿಗೆ ಹೋಗುತ್ತಿತ್ತು! ಗಾಳಿ ಇರಬೇಕು ಅಂದುಕೊಂಡೆ. ಗಾಳಿ ಇರಲಿಲ್ಲ. ಹೊಳೆಯೇ ಹಿಂದಕ್ಕೆ ಹರಿಯುತ್ತಿತ್ತು. ಬಯಲುಸೀಮೆಯವನಿಗೆ ಇದು ಎಂಥ ಬೆರಗು ಅಂತ ಕರಾವಳಿಯಲ್ಲಿ ಹುಟ್ಟಿದವರಿಗೆ ಹೇಳಿದರೆ ಅರ್ಥವಾಗುವುದಿಲ್ಲ.

ಹೊಳೆಯ ಬಗ್ಗೆ ಎರಡು ಮಾತು. ಶಿರಸಿ ಸೀಮೆಯಲ್ಲಿ ಹುಟ್ಟುತ್ತದೆ. ಸುಮಾರು 120 ಕಿಲೋಮೀಟರ್ ಉದ್ದ. ಸಿದ್ದಾಪುರ ತಾಲೂಕಿನಲ್ಲಿ ಉಂಚಳ್ಳಿ ಜೋಗವಾಗಿ 116 ಮೀಟರ್ ಕೆಳಗೆ ಬೀಳುತ್ತದೆ. ಆಮೇಲೆ ಕಣಿವೆಗಳಲ್ಲಿ ಹರಿದು, ಉಪ್ಪಿನಪಟ್ಟಣ, ಮಿರ್ಜಾನ್ ದಾಟಿ, ಅಗಲವಾಗಿ ಹರಡಿಕೊಂಡು ಕಡಲು ಸೇರುತ್ತದೆ. ಹೊಳೆ ಕಡಲು ಕೂಡುವ ಆ ಜಾಗವೇ ಅಳಿವೆ. ಮಿರ್ಜಾನಿನ ಕೋಟೆ ನೋಡಿರುತ್ತೀರಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಕಾಳುಮೆಣಸು ಹಡಗು ಹತ್ತುತ್ತಿದ್ದ ಜಾಗ. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು: ಹುಟ್ಟಿನಿಂದ ಕಡಲಿನವರೆಗೆ ಈ ಹೊಳೆಗೆ ಒಂದು ದೊಡ್ಡ ಅಣೆಕಟ್ಟೂ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಕಾಶೆ ನೋಡಿದರೆ ಕುಮಟೆಯಿಂದ ಉತ್ತರಕ್ಕೆ ಒಂದು ಉದ್ದನೆಯ ನೆಲದ ಪಟ್ಟಿ ಕಾಣುತ್ತದೆ. ಪಡುವಣಕ್ಕೆ ಅರಬ್ಬಿ ಸಮುದ್ರ, ಮೂಡಣಕ್ಕೆ ಅಳಿವೆಯ ಹಿನ್ನೀರು. ಬಾಡ, ಹೊಲನಗದ್ದೆ, ಕಾಗಾಲ, ತುದಿಯಲ್ಲಿ ಅಘನಾಶಿನಿ, ಎಲ್ಲ ಈ ಪಟ್ಟಿಯ ಮೇಲಿವೆ. ಹಾಗಾಗಿ ಇಲ್ಲಿ ಸುತ್ತು ತನ್ನಷ್ಟಕ್ಕೇ ಆಗಿಬಿಡುತ್ತದೆ. ಹೊಳೆಯ ಪಕ್ಕ ಹೋಗಿ, ನಡುವಿನ ಗುಡ್ಡ ದಾಟಿ, ಕಡಲ ಪಕ್ಕ ವಾಪಸ್ ಬರುವುದು. ಹತ್ತು ಹನ್ನೆರಡು ಕಿಲೋಮೀಟರ್ ಆಗಬಹುದು. ಮೂರು ಗಂಟೆಯಲ್ಲಿ ನಡೆದು ಮುಗಿಸುವವರಿದ್ದಾರೆ. ನೀವು ಹಾಗೆ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಈ ನಡಿಗೆಗೆ ಆರು ಗಂಟೆಯೇ ಬೇಕು. ಯಾಕೆ ಅಂತ ಹೇಳುತ್ತೇನೆ.

ಕಡಲ ನೀರು ಪೂರ್ತಿ ಏರುವುದು ಭರತ, ಪೂರ್ತಿ ಇಳಿಯುವುದು ಇಳಿತ. ಒಂದು ಭರತಕ್ಕೂ ಮುಂದಿನ ಭರತಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ತೀರಾ ಇಳಿದ ನೀರು ಪೂರ್ತಿ ಏರಲು ಆರು ಗಂಟೆ ಚಿಲ್ಲರೆ. ಇಳಿತದಲ್ಲಿ ಹೊರಟು ಭರತದಲ್ಲಿ ಮುಗಿಸಿದರೆ, ಹೊರಟ ಜಾಗವನ್ನು ಎರಡು ಸಲ ನೋಡುತ್ತೀರಿ. ಒಮ್ಮೆ ಖಾಲಿ, ಒಮ್ಮೆ ತುಂಬಿದ್ದು. ಬೇರೆ ಎಲ್ಲ ಸುತ್ತು ನಡಿಗೆಗಳಲ್ಲಿ ಹೊರಟಲ್ಲಿಗೇ ಬರುತ್ತೇವೆ, ಅಲ್ವಾ? ಇಲ್ಲಿ ಬಂದರೂ ಅದು ಆ ಜಾಗ ಅಲ್ಲ.

ಹಾಗಾದರೆ ಯಾವ ದಿನ ಹೋಗಬೇಕು? ಇದಕ್ಕೆ ಗಡಿಯಾರಕ್ಕಿಂತ ಪಂಚಾಂಗ ಒಳ್ಳೆಯದು. ಆ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಭರತ, ಬೆಳಗಿನ ಜಾವ ಐದರ ಸುಮಾರಿಗೆ ಇಳಿತ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಳೆಯ ಲೆಕ್ಕದಲ್ಲಿ ಒಂದು ಗಳಿಗೆ ಅಂದರೆ 24 ನಿಮಿಷ. ಅಂದರೆ ತಿಥಿಗೆ ಎರಡು ಗಳಿಗೆ, ಚೂರು ಜಾಸ್ತಿ. ಬೆರಳು ಮಡಚಿ ಎಣಿಸಿಬಿಡಬಹುದು. ತದಿಗೆಯ ದಿನ ಹೋದರೆ ಇಳಿತ ಏಳೂವರೆ ಹತ್ತಿರ ಸಿಗುತ್ತದೆ, ಭರತ ಒಂದೂವರೆಗೆ. ಹುಣ್ಣಿಮೆಯಾಗಿ ಎರಡು ಮೂರು ದಿನದಲ್ಲಿ ಏರಿಳಿತವೂ ಜೋರು. ನೀರು ಎರಡು ಮೀಟರ್ ಹತ್ತಿರ ಮೇಲೆ ಕೆಳಗೆ ಆಗುತ್ತದೆ. ಹೊರಡುವ ಮುಂಚೆ ಆ ದಿನದ ಭರತದ ಪಟ್ಟಿ ಮೊಬೈಲಿನಲ್ಲಿ ನೋಡಿ, ಧಕ್ಕೆಯಲ್ಲಿ ಯಾರನ್ನಾದರೂ ಕೇಳಿ. ಕೇಳುವುದೇ ಒಳ್ಳೆಯದು.

ನನಗೆ ಇದು ಯಾರೂ ಹೇಳಿರಲಿಲ್ಲ. ಎರಡನೇ ಸಲ ಹೋದಾಗ ಏರುವ ನೀರಿನಲ್ಲಿ ಹೊರಟೆ. ಗಜನಿ ಅನ್ನುವ ತಗ್ಗು ಗದ್ದೆಯ ಕಟ್ಟೆ ಒಂದು ಕಡೆ ಒಡೆದಿತ್ತು. ಪಾದ ಮುಳುಗುವಷ್ಟು ನೀರು, ದಾಟಿದೆ. ಮುಂದೆ ದಾರಿ ಇರಲಿಲ್ಲ. ಅರ್ಧ ಗಂಟೆ ಬಿಟ್ಟು ತಿರುಗಿ ಬಂದರೆ ಅದೇ ಜಾಗದಲ್ಲಿ ಮೊಣಕಾಲಿನವರೆಗೆ ನೀರು, ಸೆಳೆತ ಬೇರೆ. ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯಲು ಹೊರಟಿದ್ದೆ. ಆಚೆ ಕಟ್ಟೆಯ ಮೇಲೆ ಬುಟ್ಟಿ ಹೊತ್ತು ಹೋಗುತ್ತಿದ್ದ ಒಬ್ಬ ಅಜ್ಜಿ ನಿಂತರು.

"ತಮಾ, ಈಗ ದಾಟೂಕೆ ಆಗೂದಿಲ್ಲ. ಅಲ್ಲೇ ಕೂತ್ಕೊ."

"ಎಷ್ಟು ಹೊತ್ತು ಅಮ್ಮಾ?"

ಅವರು ಗಡಿಯಾರ ನೋಡಲಿಲ್ಲ, ಆಕಾಶವನ್ನೂ ನೋಡಲಿಲ್ಲ. ಕಟ್ಟೆಯ ಕಲ್ಲಿನ ಮೇಲಿನ ಒದ್ದೆ ಗುರುತು ನೋಡಿದರು. "ಊಟದ ಹೊತ್ತು ಕಳೀಲಿ."

ಕೂತೆ. ಮೂರು ಗಂಟೆ ಕೂತೆ. ಆ ಮೂರು ಗಂಟೆಯೇ ನನಗೆ ಅಳಿವೆಯ ಮೊದಲ ಪಾಠ.

ಈಗ ಸರಿಯಾದ ದಿನ, ಸರಿಯಾದ ಹೊತ್ತಿಗೆ ನಡೆಯೋಣ. ನವೆಂಬರ್ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಏಳೂವರೆ. ಧಕ್ಕೆಯ ಮೆಟ್ಟಿಲುಗಳೆಲ್ಲ ಹೊರಗೆ ಬಿದ್ದಿವೆ. ಕೆಳಗಿನವಕ್ಕೆ ಕಲ್ಗ, ಅಂದರೆ ಕಲ್ಲಿಗೆ ಕಚ್ಚುವ ಚಿಪ್ಪು, ಅಂಟಿಕೊಂಡಿರುತ್ತದೆ. ಬ್ಲೇಡಿನ ಹಾಗೆ ಕೊಯ್ಯುತ್ತದೆ, ಬರಿಗಾಲಲ್ಲಿ ಇಳಿಯಬೇಡಿ. ಹೊಳೆಯ ನಡುವೆ ನೆಲ ಎದ್ದಿರುತ್ತದೆ. ಅಲ್ಲಿ ಹೆಂಗಸರು, ಗಂಡಸರು ಬಳಚು ಹೆಕ್ಕುತ್ತಿರುತ್ತಾರೆ.

ಬಳಚು ಅಂದರೆ ಚಿಪ್ಪಿನೊಳಗಿನ ಜೀವಿ. ಹೆಕ್ಕುವುದನ್ನು ನಾನು ಒಂದು ದಿನ ಬೆಳಗ್ಗೆ ಪೂರ್ತಿ ನೋಡಿದೆ. ಮೊಣಕಾಲು ನೀರಲ್ಲಿ ಕೂತು, ಎರಡೂ ಕೈ ಮರಳಿನೊಳಗೆ ಹಾಕಿ, ಮುಖ ಎತ್ತಿ ಪಕ್ಕದವರ ಜೊತೆ ಮಾತಾಡುತ್ತಿರುತ್ತಾರೆ. ಕಣ್ಣಿಗೆ ಕೆಲಸವೇ ಇಲ್ಲ. ಬೆರಳೇ ನೋಡುತ್ತದೆ. ಮರಳಲ್ಲಿ ಒಂದು ಬೆಣಚು ಕಲ್ಲು ಸಿಕ್ಕರೆ ಬಿಡುತ್ತದೆ, ಬಳಚು ಸಿಕ್ಕರೆ ಎತ್ತುತ್ತದೆ. ಸಣ್ಣದು ಸಿಕ್ಕರೆ? ಬೆರಳು ಅದನ್ನೂ ಬಿಟ್ಟುಬಿಡುತ್ತದೆ. ನನ್ನ ಕೈಯಲ್ಲೂ ಪ್ರಯತ್ನ ಮಾಡಿಸಿದರು. ಕಾಲು ಗಂಟೆಯಲ್ಲಿ ನನಗೆ ಸಿಕ್ಕಿದ್ದು ನಾಲ್ಕು, ಅದರಲ್ಲಿ ಎರಡು ಖಾಲಿ ಚಿಪ್ಪು. ಅಷ್ಟರಲ್ಲಿ ಪಕ್ಕದ ಅಕ್ಕನ ಬುಟ್ಟಿಯ ತಳ ಕಾಣುತ್ತಿರಲಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರ ಸುಮಾರಿಗೆ ಲೆಕ್ಕ ಹಾಕಿದಾಗ ಈ ಅಳಿವೆಯಲ್ಲಿ 2,300ಕ್ಕೂ ಹೆಚ್ಚು ಜನ ಚಿಪ್ಪು ಹೆಕ್ಕಿಯೇ ದುಡಿಯುತ್ತಿದ್ದರು. ಬಂಡವಾಳ ಏನು? ಒಂದು ಬುಟ್ಟಿ, ಎರಡು ಕೈ. ದೋಣಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಜಮೀನು ಬೇಡ, ಸಾಲ ಬೇಡ. ನಮ್ಮ ಸೀಮೆಯಲ್ಲಿ ಬರ ಬಂದ ವರ್ಷ ಹೆಂಗಸರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬರುತ್ತಿದ್ದರು. ನೀರಲ್ಲಿ ಕೂತ ಇವರನ್ನು ನೋಡುವಾಗ ನನಗೆ ಅದೇ ನೆನಪಾಗುತ್ತಿತ್ತು.

ಧಕ್ಕೆ ಬಿಟ್ಟು ತೆಂಕಣಕ್ಕೆ, ಕಾಗಾಲದ ಕಡೆಗೆ ತಿರುಗಿದರೆ ಸ್ವಲ್ಪ ದೂರದಲ್ಲಿ ಗಜನಿ ಶುರು. ಗಜನಿ ಅಂದರೆ ಉಪ್ಪುನೀರು ಹೊಕ್ಕು ಬರುವ ತಗ್ಗು ಗದ್ದೆ. ಒಂದು ಪಕ್ಕ ಹೊಳೆ, ಇನ್ನೊಂದು ಪಕ್ಕ ಗದ್ದೆ, ನಡುವೆ ಕಟ್ಟೆ. ಆ ಕಟ್ಟೆಯೇ ನಮ್ಮ ದಾರಿ. ಮೊದಲು ಊರವರೇ ವರ್ಷವರ್ಷ ಮಣ್ಣು ಹಾಕಿ ಕಟ್ಟಿಕೊಳ್ಳುತ್ತಿದ್ದರು, ಅಲೆ ಕೊರೆಯದ ಹಾಗೆ ಹೊರಮೈಗೆ ಕಾಂಡ್ಲ, ಅಂದರೆ ಮ್ಯಾಂಗ್ರೋವ್ ಗಿಡ ಬೆಳೆಸುತ್ತಿದ್ದರು. 1970ರ ದಶಕದಲ್ಲಿ ಖಾರ್‌ಲ್ಯಾಂಡ್ (ಉಪ್ಪು ನೆಲ) ಯೋಜನೆಯಲ್ಲಿ ಸರ್ಕಾರ ಕಲ್ಲಿನ ಕಟ್ಟೆ ಕಟ್ಟಿಸಿತು.

ಇಲ್ಲಿ ಬೆಳೆಯುವ ಭತ್ತದ ಹೆಸರು ಕಗ್ಗ. ನಾನು ಕಂಡ ಬೆಳೆಗಳಲ್ಲಿ ಇದರಷ್ಟು ಗಟ್ಟಿಗ ಇನ್ನೊಂದಿಲ್ಲ. ಉಪ್ಪು ತಡೆಯುತ್ತದೆ, ದಿನಗಟ್ಟಲೆ ನೆರೆಯಲ್ಲಿ ಮುಳುಗಿದರೂ ಏಳುತ್ತದೆ. ಮಳೆ ಹಿಡಿದು ಮಣ್ಣಿನ ಉಪ್ಪು ತೊಳೆದು ಹೋಗುವ ಹೊತ್ತಿಗೆ ಬೀಜ ಬೀಳಬೇಕು. ಗೊಬ್ಬರ, ಔಷಧಿ ಏನೂ ಇಲ್ಲ. ಹೊಳೆ ತಂದು ಹಾಕುವ ಗೋಡು ಮಣ್ಣೇ ಗೊಬ್ಬರ. ಎದೆಯೆತ್ತರ ಬೆಳೆಯುತ್ತದೆ, ಅಕ್ಕಿ ಕೆಂಪು. ಮಾಣಿಕಟ್ಟದಂಥ ಕಡೆ ರೈತರು ಇದನ್ನು ಒಟ್ಟಾಗಿಯೇ ಬೆಳೆಯುತ್ತಾರೆ. ಒಬ್ಬ ತನ್ನ ಗದ್ದೆಗೆ ಮಾತ್ರ ನೀರು ಬಿಡಲು ಬರುವುದಿಲ್ಲ ನೋಡಿ. ಬಾಗಿಲು ತೆರೆದರೆ ಇಡೀ ಗಜನಿಗೇ ನೀರು.

ಬಾಗಿಲು ಅಂದೆ. ಕಟ್ಟೆಯಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲುಗಳಿವೆ. ಜಂತ್ರಡಿ ಅನ್ನುತ್ತಾರೆ. ಮಳೆಗಾಲದಲ್ಲಿ ಇಳಿತದ ಹೊತ್ತಿಗೆ ತೆರೆದು ಗದ್ದೆಯ ನೀರು ಹೊರಗೆ ಬಿಡುವುದು, ಭರತಕ್ಕೆ ಮುಂಚೆ ಹಾಕಿಬಿಡುವುದು. ಕೊಯ್ಲು ಮುಗಿದ ಮೇಲೆ ಉಲ್ಟಾ. ಭರತದ ನೀರನ್ನು ಒಳಗೆ ಬಿಡುತ್ತಾರೆ. ನೀರಿನ ಜೊತೆ ಸಿಗಡಿ ಮರಿ, ಮೀನು ಮರಿ ಬರುತ್ತವೆ. ಕೊಯ್ದ ಗದ್ದೆಯ ಕೂಳೆ ಕೊಳೆತು ಅವಕ್ಕೆ ಮೇವಾಗುತ್ತದೆ. ಬೆಳೆದ ಮೇಲೆ, ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟಿ ಹಿಡಿಯುತ್ತಾರೆ. ಒಂದೇ ಗದ್ದೆಯಲ್ಲಿ ಆರು ತಿಂಗಳು ಅನ್ನ, ಆರು ತಿಂಗಳು ಸಾರು.

ಇದು ಹಾಗೇ ಉಳಿದಿದೆ ಅಂತ ಹೇಳಲಾರೆ. 1990ರ ದಶಕದಲ್ಲಿ ಗಜನಿಗಳನ್ನು ಸಿಗಡಿ ಸಾಕಣೆಯ ಹೊಂಡಗಳಾಗಿ ಮಾಡುವ ಹುಚ್ಚು ಹತ್ತಿತು. ಬಿಳಿ ಚುಕ್ಕೆ ರೋಗ ಬಂದು ಸಿಗಡಿ ಸತ್ತವು. ಹಾಕಿದ ದುಡ್ಡು ಮುಳುಗಿತು. ಕಟ್ಟೆಗಳನ್ನು ನೋಡಿಕೊಳ್ಳುವವರು ಕಡಿಮೆಯಾದರು. ಒಡೆದ ಕಟ್ಟೆಯ ಹಿಂದಿನ ಗದ್ದೆ ಬೀಳು ಬಿತ್ತು. ನಾನು ಸಿಕ್ಕಿಬಿದ್ದದ್ದೂ ಅಂಥದ್ದೇ ಒಂದು ಬಿರುಕಿನಲ್ಲಿ. ನಡೆಯುವಾಗ ಸ್ವಲ್ಪ ದೂರ ಕೊಯ್ದ ಕಗ್ಗದ ಗದ್ದೆ, ಸ್ವಲ್ಪ ದೂರ ಬರೀ ನೀರು ನಿಂತ ಬೀಳು, ಹೀಗೆ ಎರಡೂ ಸಿಗುತ್ತವೆ. ಕಗ್ಗದ ಬೀಜ ಕೈಬಿಡದೆ ಉಳಿಸಿಕೊಂಡಿರುವ ರೈತರ ಬಗ್ಗೆ ನನಗೆ ತುಂಬಾ ಗೌರವ. ಕಡಲು ಏರುತ್ತಿರುವ ಈ ಕಾಲದಲ್ಲಿ ಉಪ್ಪುನೀರಲ್ಲಿ ಬೆಳೆಯುವ ಭತ್ತ ಇದ್ದರೆ ಅದನ್ನು ಕಣ್ಣಿಗೆ ಒತ್ತಿಕೊಳ್ಳಬೇಕು.

ಕಟ್ಟೆಯ ಹೊರಮೈಯಲ್ಲಿ ಕಾಂಡ್ಲ. ಕೆಲವು ಗಿಡಕ್ಕೆ ಕಾಂಡದಿಂದ ಬೇರು ಬಿಲ್ಲಿನ ಹಾಗೆ ಬಗ್ಗಿ ಕೆಸರಿಗೆ ಇಳಿದಿರುತ್ತದೆ, ಇನ್ನು ಕೆಲವಕ್ಕೆ ಪೆನ್ಸಿಲ್ ನೆಟ್ಟ ಹಾಗೆ ಕೆಸರಿನಿಂದ ಮೇಲೆ ಬಂದಿರುತ್ತದೆ. ಕೆಸರಲ್ಲಿ ಗಾಳಿಯಿಲ್ಲ. ಅದಕ್ಕೇ ಬೇರು ಮೇಲೆ ಬಂದು ಉಸಿರಾಡುತ್ತದೆ. ಬೀಜ ಮರದ ಮೇಲೇ ಮೊಳೆತು ನುಗ್ಗೆಕಾಯಿಯ ಹಾಗೆ ಜೋತಾಡುತ್ತಿರುತ್ತದೆ. ಇಳಿತದಲ್ಲಿ ಬಿದ್ದರೆ ನೆಟ್ಟಗೆ ಕೆಸರಿಗೆ ನಾಟಿಕೊಳ್ಳುತ್ತದೆ. ಭರತದಲ್ಲಿ ಬಿದ್ದರೆ ತೇಲಿಕೊಂಡು ಹೋಗಿ ಬೇರೆ ಕಡೆ ನೆಲೆ ಹುಡುಕುತ್ತದೆ.

ನನ್ನ ಮೂರು ಗಂಟೆಯ ಸೆರೆವಾಸದಲ್ಲಿ ಈ ಕಾಂಡ್ಲದ ಬುಡದಲ್ಲೇ ಕೂತಿದ್ದೆ. ಎದುರು ಕೆಸರಿನ ದಿಬ್ಬ, ಚಾಪೆಯಷ್ಟು ಅಗಲ. ಮೊದಲು ಏನೂ ಕಾಣಲಿಲ್ಲ. ಅಲ್ಲಾಡದೆ ಕೂತ ಮೇಲೆ ತೂತುಗಳಿಂದ ಏಡಿಗಳು ಹೊರಗೆ ಬಂದವು, ಉಗುರಿನಷ್ಟು ದೊಡ್ಡವು. ಗಂಡಿಗೆ ಒಂದು ಕೊಂಬು ತನ್ನ ಮೈಯಷ್ಟೇ ದೊಡ್ಡದು. ಅದನ್ನು ಎತ್ತಿ ಬೀಸುತ್ತದೆ, ಇಳಿಸುತ್ತದೆ, ಮತ್ತೆ ಬೀಸುತ್ತದೆ. ಹೆಣ್ಣನ್ನು ಕರೆಯುವ ರೀತಿ ಅದು. ಇನ್ನೊಂದು ಸಣ್ಣ ಕೊಂಬಿನಿಂದ ಕೆಸರು ತುತ್ತು ಮಾಡಿ ತಿನ್ನುತ್ತಿರುತ್ತದೆ. ಪಕ್ಕದಲ್ಲೇ ಕೆಸರಿನ ಮೇಲೆ ಕುಪ್ಪಳಿಸುವ ಸಣ್ಣ ಮೀನು, ಕಣ್ಣು ತಲೆಯ ಮೇಲೆ. ನೀರು ಏರುತ್ತಾ ಬಂದಂತೆ ಏಡಿಗಳು ಒಂದೊಂದಾಗಿ ಒಳಗೆ ಹೋದವು. ಕೊನೆಗೊಂದು ಏಡಿ ಕೆಸರಿನ ಉಂಡೆ ತಂದು ತನ್ನ ಬಾಗಿಲು ಮುಚ್ಚಿಕೊಂಡಿತು. ಆಮೇಲೆ ಆ ದಿಬ್ಬದ ಮೇಲೆ ನೀರು ಬಂತು. ಅವುಗಳಿಗೂ ಜಂತ್ರಡಿ ಇದೆ ಅಂದುಕೊಂಡೆ.

ಈಗ ಅಣೆಕಟ್ಟಿನ ಮಾತಿಗೆ ಬರುತ್ತೇನೆ. ಅಳಿವೆಯ ಜೀವಕ್ಕೆಲ್ಲ ಒಂದು ತಾಳ ಇದೆ. ಮಳೆಗಾಲದಲ್ಲಿ ಸಿಹಿನೀರು ಕಡಲನ್ನು ಹೊರಗೆ ತಳ್ಳುತ್ತದೆ. ಬೇಸಿಗೆಯಲ್ಲಿ ಉಪ್ಪು ಒಳಗೆ ಬರುತ್ತದೆ. ಕಗ್ಗಕ್ಕೆ ಆ ಸಿಹಿ ಬೇಕು. ಬಳಚಿಗೆ ಆ ಉಪ್ಪು ಬೇಕು. ಆಚೆ ದಡದ ಸಾಣಿಕಟ್ಟದಲ್ಲಿ ಉಪ್ಪಿನ ಆಗರಗಳಿವೆ, ಅವಕ್ಕೂ ಬೇಸಿಗೆಯ ಉಪ್ಪುನೀರೇ ಬೇಕು. ಪಕ್ಕದ ಶರಾವತಿಯನ್ನು ನೋಡಿ. 1964ರಲ್ಲಿ ಲಿಂಗನಮಕ್ಕಿ ಆಯಿತು. ಕರೆಂಟು ತಯಾರಾದ ಮೇಲೆ ವರ್ಷವಿಡೀ ಸಿಹಿನೀರು ಕೆಳಗೆ ಬರುತ್ತದೆ. ಹೊನ್ನಾವರದ ಅಳಿವೆ ಬೇಸಿಗೆಯಲ್ಲೂ ಸಪ್ಪೆಯಾಯಿತು. ಚಿಪ್ಪುಗಳೂ, ಉಪ್ಪು ಬಯಸುವ ಕಾಂಡ್ಲಗಳೂ ಕಡಿಮೆಯಾದವು ಅಂತ ವಿಜ್ಞಾನಿಗಳು ಎರಡೂ ಅಳಿವೆಗಳನ್ನು ಹೋಲಿಸಿ ತೋರಿಸಿದ್ದಾರೆ. ಆ ಕರೆಂಟು ನಮ್ಮ ಮನೆಯಲ್ಲೂ ಉರಿದಿದೆ. ಅದನ್ನು ಮರೆತು ಮಾತಾಡುವುದಿಲ್ಲ. ಅದಕ್ಕೆ ಯಾರು ಏನು ಕೊಟ್ಟರು ಅನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ.

ಅಘನಾಶಿನಿಯ ಮೇಲೂ ಕಣ್ಣು ಬಿದ್ದಿದೆ. ತದಡಿಯಲ್ಲಿ 4,000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾವ ಬಂತು, ಜನ ವಿರೋಧಿಸಿದರು, ಹೋಯಿತು. ದೊಡ್ಡ ಬಂದರಿನ ಮಾತೂ ಬಂತು. 2024ರ ಜನವರಿ ಕೊನೆಯಲ್ಲಿ ಒಳ್ಳೆಯ ಸುದ್ದಿ ಬಂತು, ಈ ಅಳಿವೆಯ 4,801 ಹೆಕ್ಟೇರ್ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೆ ಸೇರಿತು. ಈಗ ಅಘನಾಶಿನಿಯ ನೀರನ್ನು ನಮ್ಮ ವೇದಾವತಿಗೆ ಒಯ್ಯುವ ಪ್ರಸ್ತಾವ ಇದೆ. ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮೂರ ಒಣಗಿದ ಅಡಿಕೆ ತೋಟಗಳನ್ನು ನೋಡಿದವನು ನಾನು, ಸಾವಿರ ಅಡಿ ಕೊರೆದ ಬೋರ್‌ವೆಲ್ಲಿನಿಂದ ಬರೀ ಧೂಳು ಎದ್ದದ್ದನ್ನು ನೋಡಿದವನು. ಆದರೂ ಇಲ್ಲಿ ನಿಂತು ಹೇಳುತ್ತೇನೆ, ನನಗೆ ಆ ನೀರು ಬೇಡ. ನಮ್ಮ ಕೆರೆಗಳ ಹೂಳು ತೆಗೆಯೋಣ, ಅಡಿಕೆ ಹಾಕುವುದನ್ನು ಕಡಿಮೆ ಮಾಡೋಣ. ಆ ಅಜ್ಜಿಯ ಬುಟ್ಟಿಯಿಂದ ತೆಗೆದುಕೊಳ್ಳುವುದು ಬೇಡ.

ನಡಿಗೆಗೆ ವಾಪಸ್. ಹತ್ತೂವರೆಗೆ ಕಾಗಾಲದ ಬಳಿ ಕಟ್ಟೆ ಬಿಟ್ಟು ಪಡುವಣಕ್ಕೆ ತಿರುಗಿ. ಸಣ್ಣ ಅಂಗಡಿ ಸಿಕ್ಕರೆ ಮುರುಗಲ ಶರಬತ್ತು ಕೇಳಿ. ಆಮೇಲೆ ಚಿರೆಕಲ್ಲಿನ ಗುಡ್ಡ, ಗೇರುಮರಗಳು. ಈ ಕಲ್ಲು ತೂತು ತೂತು, ಮಳೆಯನ್ನು ಸ್ಪಂಜಿನ ಹಾಗೆ ಹೀರಿ ಬುಡದಲ್ಲಿ ಬಿಡುತ್ತದೆ. ಎರಡು ಕಡೆ ಉಪ್ಪುನೀರಿದ್ದರೂ ಗುಡ್ಡದ ಕೆಳಗಿನ ಬಾವಿಗಳಲ್ಲಿ ಸಿಹಿನೀರು ಸಿಗುವುದು ಅದಕ್ಕೇ. ನೆತ್ತಿಯಲ್ಲಿ ಒಂದು ಕ್ಷಣ ಮುಂದಕ್ಕೂ ಹಿಂದಕ್ಕೂ ನೀರು ಕಾಣುತ್ತದೆ. ಕಡಲ ಬದಿ ಚೆಂದವೇ, ಆದರೆ ಅದನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬೇಗ ಬೇಗ ನಡೆದುಬಿಡುತ್ತೇನೆ. ಬಿಸಿಲು ಜೋರಿರುತ್ತದೆ, ನೀರಿನ ಬಾಟಲಿ ಎರಡಾದರೂ ಇರಲಿ, ಟೋಪಿ ಇರಲಿ.

ಒಂದೂಕಾಲಿಗೆ ಧಕ್ಕೆ ತಲುಪುತ್ತೀರಿ. ಬೆಳಿಗ್ಗೆ ಹೆಂಗಸರು ಕೂತಿದ್ದ ನೆಲ ಇಲ್ಲ. ಅದರ ಮೇಲೆ ಒಂದು ದೋಣಿ ತದಡಿಯ ಕಡೆಯಿಂದ ಬರುತ್ತಿರುತ್ತದೆ. ಕಲ್ಗ ಅಂಟಿದ್ದ ಮೆಟ್ಟಿಲು ನೀರಿನೊಳಗೆ. ಮೇಲಿನ ಎರಡು ಮಾತ್ರ ಹೊರಗೆ. ಬೆಳಿಗ್ಗೆ ಹೆಕ್ಕಿದ ಬಳಚು ಅಷ್ಟರಲ್ಲಿ ಯಾರದೋ ಒಲೆಯ ಮೇಲೆ ಬಾಯಿ ಬಿಟ್ಟಿರುತ್ತದೆ.

ಕಳೆದ ಸಲ ಹೋದಾಗ ಆ ಮೇಲಿನ ಮೆಟ್ಟಿಲ ಮೇಲೆ ಕೂತೆ. ನೀರು ಪೂರ್ತಿ ಏರಿ ನಿಂತಿತ್ತು. ಮುಂದೆ ಒಂದು ತೆಂಗಿನ ಸಿಪ್ಪೆ. ಘಟ್ಟದ ಕಡೆಗೂ ಇಲ್ಲ, ಕಡಲ ಕಡೆಗೂ ಇಲ್ಲ, ಇದ್ದಲ್ಲೇ ಇತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ನೋಡುತ್ತಾ ಕೂತೆ. ಸುಮಾರು ಹೊತ್ತಾದ ಮೇಲೆ ಸಿಪ್ಪೆ ಮೆಲ್ಲಗೆ ಕದಲಿತು, ಕಡಲಿನ ಕಡೆಗೆ ಹೊರಟಿತು.